ವಾಜಿದ್ ಸಾಹೇಬರಿಗೊಂದು ಸೆಕೆಂಡು

ವೇದಿಕೆಯ ಮೇಲಿರುವ ಅಧ್ಯಕ್ಷರೂ ನಮ್ಮ ಕಾರ್ಖಾನೆಯ ಜನರಲ್ ಮ್ಯಾನೇಜರೂ ಆದ ಕೃಷ್ಣಯ್ಯನವರೇ, ಇಂದು ನಿವೃತ್ತರಾಗುತ್ತಿರುವ ನನ್ನ ಗೆಳೆಯ ವಾಜಿದ್ ಸಾಹೇಬರೇ, ಮೊದಲ ಸಾಲಿನಲ್ಲಿ ಕೂತು ಈಗಲೇ ನನ್ನನ್ನು ಗುರಾಯಿಸುತ್ತಿರುವ ನನ್ನ ಮನೆಯವರೇ, ಖಾರಾ ಪೊಟ್ಟಣಕ್ಕಾಗಿ ತಾಳ್ಮೆಯಿಂದ ಕಾದಿರುವ ಸಭಿಕರೇ,

ಐದೇ ನಿಮಿಷ ಮಾತಾಡಿ ಎಂದಿದ್ದಾರೆ. ಗಡಿಯಾರ ವಿಭಾಗದವನಿಗೆ ಹೀಗೆ ಹೇಳಬಹುದೇ? ಇಷ್ಟು ವರ್ಷ ಈ ಕಾರ್ಖಾನೆಯ ಸೈರನ್ ಕೂಗಿದ್ದು, ಅದನ್ನು ಕೇಳಿ ಶೆಟ್ಟಿಹಳ್ಳಿಯ ಮನೆಗಳಲ್ಲಿ ಒಲೆ ಹೊತ್ತಿದ್ದು ವಾಜಿದ್ ಸಾಹೇಬರೂ ನಾನೂ ನೋಡಿಕೊಳ್ಳುವ ಗಡಿಯಾರ ನಂಬಿ!

ಹಾವೇರಿ ಕಡೆಯ ನನಗೆ ಜಂಬ ಸ್ವಲ್ಪ ಜಾಸ್ತಿ. ೧೯೭೨ರಲ್ಲಿ ಮೊದಲ ಸಲ ಸುತ್ತೋಲೆ ಬಂತು. ಪರಮಾಣು ಗಡಿಯಾರ ಒಂದೇ ಸಮನೆ ಓಡುತ್ತದೆ, ಭೂಮಿ ನಿಧಾನವಾಗಿ ತಿರುಗುತ್ತಿದೆ, ಎರಡನ್ನೂ ಜೊತೆಗೂಡಿಸಲು ಜಗತ್ತಿನ ಗಡಿಯಾರಗಳೆಲ್ಲ ಒಂದು ಸೆಕೆಂಡು ಕಾಯಬೇಕು ಎಂದು. ನಾನು ರೇಗಿದೆ. "ನಮ್ಮ ಗಡಿಯಾರ ಸರಿ ಐತ್ರಿ. ತಡ ಮಾಡಿದ್ದು ಭೂಮಿ. ಮೆಮೋ ಭೂಮಿಗೆ ಕೊಡ್ರಿ!"

ವಾಜಿದ್ ಸಾಹೇಬರು ನಕ್ಕರು. "ಫಕೀರಪ್ಪೋರೆ, ಸಂತೆಗೆ ಹೋಗ್ವಾಗ ವಯಸ್ಸಾದ ಅಮ್ಮ ಹಿಂದೆ ಬಿದ್ರೆ ದರದರ ಎಳ್ಕೊಂಡ್ ಹೋಗ್ತೀರಾ? ನಾವೇ ಒಸಿ ನಿಂತ್ಕೋಬೇಕು ಕಣ್ರೀ."

ನಿಂತೆವು. ಅಲ್ಲಿಂದ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ, ಬಹುಪಾಲು ವರ್ಷದ ಕೊನೆಗೆ, ಆ ಸೆಕೆಂಡು ನಮಗೆ ಬೆಳಗಿನ ಐದೂವರೆಗೆ ಬರುತ್ತದೆ. ಅವರು ಹೆಡ್‌ಫೋನ್ ಹಾಕಿಕೊಂಡು ರೇಡಿಯೋದ ಟಿಕ್‌ಟಿಕ್ ಕೇಳಿ ಬೆರಳೆತ್ತುತ್ತಾರೆ. ನಾನು ಗುಂಡಿ ಒತ್ತಿ ದೊಡ್ಡ ಗಡಿಯಾರವನ್ನು ತಡೆಯುತ್ತೇನೆ. ಆಮೇಲೆ ಅವರ ಫ್ಲಾಸ್ಕಿನ ಚಹಾ. ನನ್ನ ಮನೆಯವರು, ಸಂಗವ್ವ, ಪ್ರತಿಸಲವೂ ಕೇಳುತ್ತಾರೆ: "ಒಂದು ಸೆಕೆಂಡಿಗೆ ಕೋಳಿಗಿಂತ ಮೊದಲ ಏಳ್ತೀರಿ. ಸೀಮೆಎಣ್ಣಿ ಕ್ಯೂಗೆ ಹೋಗ್ರಿ ಅಂದ್ರ ಟೈಮಿಲ್ಲ ಅಂತೀರಲ್ಲ?" ೧೯೮೦ರ ಕೊನೆಗೆ ಸೆಕೆಂಡೇ ಬರಲಿಲ್ಲ. ಆದರೂ ಇಬ್ಬರೂ ಹೋದೆವು. ಗಡಿಯಾರ ಅದರ ಪಾಡಿಗೆ ಓಡಿತು, ನಾವು ಚಹಾ ಕುಡಿದೆವು. ಇದನ್ನು ಮನೆಯಲ್ಲಿ ಹೇಳಿರಲಿಲ್ಲ, ಈಗ ಬಾಯಿ ತಪ್ಪಿ ಬಂತು.

ಸಭಿಕರೇ, ಇಂದು ೧೯೮೨ರ ಜೂನ್ ಮೂವತ್ತು. ಇವತ್ತಿಗೆ ಅವರ ಸರ್ವೀಸು ಮುಗಿಯಿತು. ನಾಳೆ ಬೆಳಿಗ್ಗೆ ಐದೂವರೆಗೆ ಮತ್ತೊಂದು ಸೆಕೆಂಡಿದೆ. ಅವರನ್ನು ಒಳಗೆ ಬಿಡುತ್ತೀರಾ ಎಂದು ಗೇಟಿನಲ್ಲಿ ಕೇಳಿದೆ. "ನಾಳೆಯಿಂದ ಅವ್ರು ಹೊರಗಿನೋರು ಸಾರ್, ಆಗಲ್ಲ" ಎಂದರು. ಹೊರಗಿನವರೇ? ವಾಜಿದ್ ಸಾಹೇಬರೇ? ಗುಂಡಿಯನ್ನೇನೋ ಯಾರು ಬೇಕಾದರೂ ಒತ್ತಬಹುದು. ಆ ಕೋಣೆಯಲ್ಲಿ ಒಬ್ಬನೇ ನಿಲ್ಲುವುದು ನನ್ನಿಂದಾಗದು, ಹೇಳಿಬಿಡುತ್ತೇನೆ.

ಅಧ್ಯಕ್ಷರೇ, ದಯವಿಟ್ಟು ಗಂಟೆ ಬಾರಿಸಬೇಡಿ, ಇನ್ನೊಂದೇ ಮಾತು, ಅದೂ ಕಾನೂನಿನ ಮಾತು. ಜಗತ್ತು ಆ ಸೆಕೆಂಡನ್ನು ಜುಲೈಗೆ ಸೇರಿಸಿಲ್ಲ. ನಮಗೆ ಬೆಳಗಾದಾಗ, ಜಗತ್ತಿನ ಸಮಯಕ್ಕೆ ಲೆಕ್ಕ ಹಿಡಿಯುವ ಇಂಗ್ಲೆಂಡಿನ ಗ್ರೀನಿಚ್ಚಿನಲ್ಲಿ ಇನ್ನೂ ಹಿಂದಿನ ದಿನ. ಅದು ಜೂನ್ ಮೂವತ್ತರ ಕಟ್ಟಕಡೆಯ ಸೆಕೆಂಡು. ಜೂನ್ ಮೂವತ್ತು ಮುಗಿಯುವವರೆಗೆ ಇವರು ನಮ್ಮ ನೌಕರರೆಂದು ತಾವೇ ರುಜು ಹಾಕಿದ್ದೀರಿ. ಹಾಗಾದರೆ ಆ ಸೆಕೆಂಡು ಯಾರದು ಸ್ವಾಮಿ? ನೌಕರನನ್ನು ಗೇಟಿನಲ್ಲಿ ತಡೆಯಬಹುದೇ?

ಅಧ್ಯಕ್ಷರು ನಗುತ್ತಿದ್ದಾರೆ. ತಲೆಯಾಡಿಸಿದರು! ನೀವೆಲ್ಲ ಸಾಕ್ಷಿ.

ವಾಜಿದ್ ಸಾಹೇಬರೇ, ಕೊರಳ ಹಾರ ತೆಗೆದಿಡಿ, ಬೇಗ ಮಲಗಿ. ನಿಮ್ಮ ಬೀಳ್ಕೊಡುಗೆ ಇನ್ನೂ ಆಗಿಲ್ಲ. ನಾಳೆ ಐದೂವರೆಗೆ ನಾವಿಬ್ಬರೇ ಮಾಡಿಕೊಳ್ಳೋಣ. ಸಹಿಸಿಕೊಂಡು ಕೇಳಿದ ನಿಮ್ಮೆಲ್ಲರಿಗೂ ಕೃತಜ್ಞ, ನಮಸ್ಕಾರ.