ಕಾಣದ ಹಿಂಡು

ಸಿಂದಗಿ ಬಸ್ ನಿಲ್ದಾಣದಲ್ಲಿ ಯಂಕಂಚಿ ಬಸ್ಸಿಗೆ ಕಾಯುತ್ತಿದ್ದ ಮಂಜರಿಯ ಬೆನ್ನ ಹಿಂದೆ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

“ಈ ಸಲ ಥಂಡಿನ ಬೀಳಲಿಲ್ಲರಿ ವೈನಿ. ಥಂಡಿ ಬೆನ್ನತ್ತಿ ಬರೋ ಜೋಳದ ಹಕ್ಕಿನೂ ಬರಲಿಲ್ಲ.”

“ಛಲೋ ಆತಲ್ಲ. ಹೊಲಾ ಕಾಯೋದು ತಪ್ಪಿತು.”

“ನಮ್ಮತ್ತಿ ಕೇಳವಲ್ಲರು. ದಿನಾ ಹೊಲದಾಗಿನ ಅಟ್ಟಾ ಏರಿ ಕವಣಿ ಬೀಸ್ತಾರ.”

“ಹಕ್ಕಿನ ಇಲ್ಲಂದಮ್ಯಾಲೆ ಯಾತಕ್ಕ?”

“ಕಲ್ಲು ಬಿದ್ದ ಕೂಡ್ಲೆ ಹಿಂಡು ಬುರ್ರಂತ ಏಳೋ ಸಪ್ಪಳಾ ಬರ್ತೈತ್ರಿ. ನಾನೂ ಕೇಳೇನಿ. ಮ್ಯಾಲೆ ನೋಡಿದ್ರ ಒಂದೂ ಹಕ್ಕಿ ಇರೂದಿಲ್ಲ.”

“ಗಾಳಿ ಇದ್ದೀತು.”

“ಗಾಳಿ ಕಾಳು ತಿಂತೈತೇನ್ರಿ? ಅರ್ಧ ಹೊಲದ ತೆನಿ ಖಾಲಿ ಆಗ್ಯಾವು.”

ಯಂಕಂಚಿ ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಹತ್ತಿದರು.

ಅದೇ ಬಸ್ಸಿಗೆ ಅಷ್ಟು ಹೊತ್ತು ಕಾದಿದ್ದ ಮಂಜರಿ ಕೂತಲ್ಲಿಂದ ಏಳಲಿಲ್ಲ.