ಮಾಡಿನ ಮೇಲಿನ ಮಾತು

ಇಲ್ಲ ಅಂದ್ರೆ ಇಲ್ಲ ಕಣೇ ರೋಸ್ವಿತಾ! ಎಷ್ಟು ಸಲ ಹೇಳ್ಬೇಕು? ಆ ಕರೀ ಕೋಟಿಗೆ ಇಸ್ತ್ರಿ ಹಾಕೋದು ನಿಲ್ಲಿಸು. ಆ ಕಟ್ಟಡಾನ ಮಗಳೇ ಕಟ್ಟಿಸಿರ್ಲಿ, ಬಿಷಪ್ಪೇ ಬಂದು ಕಟ್ಟಿಸಿರ್ಲಿ, ನಾನು ಹೋಗಲ್ಲ. ಕಟ್ಟಡದ ನೆತ್ತಿ ಮುಗಿದ ದಿನ ಮಾಡಿನ ಮೇಲೆ ಹತ್ತಿ ನಿಂತು ನಾಲ್ಕು ಮಾತು ಹೇಳಿ ಹರಸೋಕೆ ಈ ಸೀಮೇಲಿ ಬೇರೆ ಬಡಗಿ ಸಿಗ್ಲಿಲ್ವಾ ನಿನ್ನ ಗೆನೊವೇವಾಗೆ?

ಏನು ಹಾಗೆ ನೋಡ್ತೀಯ? ಹೊಟ್ಟೆಕಿಚ್ಚು ಅಂದ್ಕೊಂಡ್ಯಾ? ಹ್ಞಾಂ, ಅಂದ್ಕೋ! ಎಂಟು ಅಂತಸ್ತು! ಬರೀ ಮರ! ಒಂದು ಕಬ್ಬಿಣದ ಮೊಳೆ ಇಲ್ಲ, ಒಂದು ತೊಟ್ಟು ಅಂಟಿಲ್ಲ. ಚೆನ್ನಾಗಿ ಒಣಗಿಸಿದ ಬೀಚ್ ಮರದ ಗೂಟ ತಗೊಂಡು ಸ್ಪ್ರೂಸ್ ಮರದ ಹಲಗೆಗಳೊಳಗೆ ಹೊಡೀತಾಳಂತೆ. ಹಲಗೆಯ ತೇವ ಕುಡಿದು ಗೂಟ ಊದಿಕೊಂಡು ಕಚ್ಚಿ ಹಿಡಿಯುತ್ತಂತೆ. ಗೋಡೆಗೆ ಗೋಡೆಯೇ ಲಾರೀಲಿ ಬಂದು ನಿಲ್ಲುತ್ತಂತೆ! ಬೆಂಕಿ ಬಿದ್ರೂ ಹೊರಗಿನ ಪದರ ಇದ್ದಿಲಾಗಿ ಒಳಗಿನ ಮರಾನ ಅದೇ ಕಾಯುತ್ತಂತೆ... ಡೋರ್ನ್‌ಬಿರ್ನ್ ಊರಿಗೆ ಊರೇ ಬಾಯಿ ಬಿಟ್ಕೊಂಡು ನೋಡ್ತಿದೆ. ಅದೊಂದು ಮನೆಯಾ? ಪೆಟ್ಟಿಗೆ! ಚೀಸ್ ತುಂಬೋ ಪೆಟ್ಟಿಗೆ!

ಯಾಕೆ ನಗ್ತೀಯ? ನಗ್ಬೇಡ. ನಿನ್ನೆ ಅವಳ ಎದುರೂ ಇದನ್ನೇ ಅಂದೆ. "ಅಪ್ಪಾ, ನನ್ನ ಮೊದಲ ಕಟ್ಟಡ, ನೀನೇ ಹರಸ್ಬೇಕು, ಬೇರೆ ಯಾರೂ ಬೇಡ" ಅಂತ ಕೇಳಿದ ಮಗಳಿಗೆ ಪೆಟ್ಟಿಗೆ ಅಂದೆ. ತಟ್ಟೆ ಬಿಟ್ಟು ಎದ್ದು ಹೋದ್ಲು. ನನಗೇನು ಕರುಳಿಲ್ವಾ? ರಾತ್ರಿಯೆಲ್ಲ ಸಂಕಟ ಕಣೇ... ಆದ್ರೂ ಹೋಗಲ್ಲ.

ಗಾಳಿ ನೋಡು. ಹರಸಿ ಕುಡಿದ ಮೇಲೆ ಗ್ಲಾಸು ಕೆಳಗೆ ಎಸೀಬೇಕಲ್ಲ, ಈ ಗಾಳೀಲಿ ಮೇಲಿಂದ ಎಸೆದ್ರೆ ಎಲ್ಲಿ ಹೋಗಿ ಬೀಳುತ್ತೋ! ಕೆಳಗೆ ಬಿದ್ದು ಒಡೀಲಿಲ್ಲ ಅಂದ್ರೆ ಕಟ್ಟಡಕ್ಕೆ ಅಪಶಕುನ, ಆಮೇಲೆ ನನ್ನನ್ನೇ ಬೈತಾರೆ. ಏನು? ಒಂದು ಎಲೆಯೂ ಅಲ್ಲಾಡ್ತಿಲ್ವಾ? ಎತ್ತರದಲ್ಲಿ ಇರುತ್ತೆ! ಹೋದ ವರ್ಷ ಚರ್ಚಿನ ಮಾಡಿಂದ ಕೆಲಸ ಅರ್ಧಕ್ಕೆ ಬಿಟ್ಟು ಇಳಿದೆನಲ್ಲ, ಅದೂ ಗಾಳಿಗೇ... ಹೌದು, ಗಾಳಿಗೇ!

ನನ್ನ ಜೊತೆ ಕೆಲಸ ಮಾಡೋ ಆಲ್ವಿನ್ ಹತ್ತಲಿ. ಕೋಳಿಮೊಟ್ಟೆಯಷ್ಟು ತಲೆ, ಗಂಟಲು ಮಾತ್ರ ಊರಗಲ. ಇಷ್ಟು ವರ್ಷ ನಾನು ಮಾಡಿನ ಮೇಲೆ ನಿಂತು ಹೇಳಿದ್ದನ್ನೇ ಕದ್ದು ಹೇಳ್ತಾನೆ. ಜನ ಚಪ್ಪಾಳೆ ಹೊಡೀತಾರೆ, ಕುಡಿದು ಮನೆಗೆ ಹೋಗ್ತಾರೆ.

ಎಲ್ಲಿಗೆ ಹೊರಟೆ? ಕೋಟಿನ ಜೊತೆಯ ಟೋಪಿ ತರೋಕಾ? ಅದು ಅಟ್ಟದ ಮೇಲಿದೆ, ಬೇಡ, ಬಿಡು... ರೋಸ್ವಿತಾ! ಅಯ್ಯೋ, ನಿಧಾನ! ನಿನ್ನ ಮಂಡಿ!

...ಇದೇನೇ ಇದು? ಹುಡುಗಿ ಥರ ಓಡಿ ಹತ್ತಿ, ಓಡಿ ಇಳಿದು ಬಂದ್ಯಲ್ಲ? ಮಂಡಿ ನೋವು, ಮಹಡಿ ಹತ್ತೋಕಾಗಲ್ಲ ಅಂತ ಮಂಚ ಕೆಳಗೆ ಹಾಕಿಸಿದವಳು ನೀನೇ ಅಲ್ವಾ? ಚಳಿಗಾಲದಿಂದ ಈ ಅಡುಗೆಮನೆ ಪಕ್ಕ ಮಲಗ್ತಿರೋದು ನಿನ್ನ ಮಂಡಿಗೋಸ್ಕರ ಅಲ್ವಾ...

ನೋವಿಲ್ವಾ? ಯಾವತ್ತೂ ಇರ್ಲೇ ಇಲ್ವಾ?

ಅಂದ್ರೆ ನೀನು ನೋಡಿದ್ದೆ. ನಾನು ಗೋಡೆ ತಬ್ಕೊಂಡು, ಕೆಳಗೆ ನೋಡೋಕೆ ಹೆದರಿ ಕಣ್ಣು ಮುಚ್ಕೊಂಡು, ಒಂದೊಂದೇ ಮೆಟ್ಟಿಲು ಇಳೀತಿದ್ದದ್ದು... ಥೂ! ನಮ್ಮನೆ ಮೆಟ್ಟಿಲು! ನನ್ನ ಕೈಯಿಂದಲೇ ಮಾಡಿದ್ದು!

ಅವಳಿಗೆ ಹೇಳಿದ್ಯಾ? ...ಇಲ್ಲ ತಾನೇ? ಹೇಳ್ಬೇಡ. ಅಪ್ಪ ಹೊಟ್ಟೆಕಿಚ್ಚಿನವನು ಅಂತಲೇ ಅಂದ್ಕೊಳ್ಳಲಿ.

ಆ ಟೋಪಿ ಆಲ್ವಿನ್‌ಗೆ ಕೊಟ್ಟು ಬಾ. ಅವನ ತಲೆಗೆ ದೊಡ್ಡದಾಗುತ್ತೆ... ಒಳಗೆ ಒಂಚೂರು ಕಾಗದ ಮಡಚಿಟ್ಕೊಳ್ಳೋಕೆ ಹೇಳು.