ಸಿರಿಂಜಿನಲ್ಲಿ ಉಳಿದ ಅರ್ಧ ಔಷಧ

ಹಿರಿಯರೇ, ಕಿದ್ವಾಯಿ ನಗರದ ನಮ್ಮ ಕನ್ನಡ ಬಳಗದವರೇ, ಡಾಕ್ಟರ ಪತ್ನಿ ಹಂಸಿನಿಯವರೇ — ಎಲ್ಲರಿಗೂ ನಮಸ್ಕಾರ.

ನಾನು ಚಂದ್ರಪ್ರಭಾ. ಓದಿದ್ದು ಹೈಸ್ಕೂಲು. ಆದರೆ ಡಾಕ್ಟರ್ ದತ್ತಾತ್ರೇಯರ ಭಾನುವಾರದ ಉಚಿತ ಚಿಕಿತ್ಸಾಲಯದಲ್ಲಿ ಬಾಗಿಲು ಕಾಯ್ದವಳು ನಾನೇ. ನನ್ನ ಕಣ್ತಪ್ಪಿಸಿ ಯಾರೂ ಸರದಿ ಮುರಿದಿಲ್ಲ.

ತೀರಿಹೋದ ಡಾಕ್ಟರನ್ನು ಹೊಗಳೋಣವೆಂದೇ ಬಂದೆ. ಆದರೆ — ನಿನ್ನೆಯಿಂದ ತಲೆಯೆಲ್ಲ ಗೋಜಲು.

ಕಳೆದ ಚಳಿಗಾಲ. ಹೊರಗೆ ಆ ಹೊಗೆಮಂಜು. ನನ್ನ ಮೈದುನ ಅನಂತರಾಮನಿಗೆ ಉಬ್ಬಸ ಕೆರಳಿ, ಹೀಗೆ — ಹೆಗಲು ಮೇಲೆ ಕೆಳಗೆ. ಡಾಕ್ಟರು ಉಸಿರುನಾಳ ಸಡಿಲಿಸುವ ಇಂಜೆಕ್ಷನ್ ತುಂಬಿಕೊಂಡು ಕೇಳಿದರು: "ಬೇರೆ ಮಾತ್ರೆ ಏನಾದರೂ ನುಂಗಿದ್ದೀಯೇನಯ್ಯಾ?"

"ಇಲ್ಲ ಸರ್... ಅತ್ತಿಗೆ ಮಾಡಿದ ಕಷಾಯ ಅಷ್ಟೇ."

ನಮ್ಮ ಮನೆಯಲ್ಲಿ ಉಬ್ಬಸಕ್ಕೆ ನನ್ನ ಕಷಾಯ. ಅದು ನಿಯಮ. ಡಾಕ್ಟರು ಅವನನ್ನು ನೋಡಿದರು, ನನ್ನನ್ನು ನೋಡಿದರು. "ಅಮ್ಮಾ, ಸ್ವಲ್ಪ ಹೊರಗಿರಿ."

ನಾನು — ಹೊರಗೆ! ಸರದಿಯಲ್ಲಿದ್ದ ಆಟೋದ ಭಯ್ಯಾ ನಕ್ಕ: "ಆಂಟೀಜೀ, ಆಪ್ ಭೀ ಲೈನ್ ಮೇಂ?" — ನೀವೂ ಸಾಲಿನಲ್ಲಾ ಅಂತ.

ಒಳಗೆ ಕರೆದಾಗ ಅನಂತರಾಮನ ಉಸಿರು ತಿಳಿಯಾಗಿತ್ತು. ಸಿರಿಂಜಿನಲ್ಲಿ ಅರ್ಧ ಔಷಧ ಹಾಗೇ ಇತ್ತು.

"ಇದೇನು ಕಂಜೂಸಿ ಡಾಕ್ಟರೇ?"

"ಇವನಿಗೆ ಇಷ್ಟೇ ಸರಿಯಾದ ಅಳತೆ, ಅಮ್ಮಾ."

ಉಳಿದರ್ಧ ನನ್ನ ಕಷಾಯದ ಕೆಲಸವೆಂದು ತಿಳಿದೆ. ನಿಮಗೆಲ್ಲ ಹೇಳಿದ್ದೇನೆ — ಹೇಳಿದ್ದೇನೆ ತಾನೆ? ಡಾಕ್ಟರ ಎದುರಿಗೇ ಹೇಳಿದ್ದೇನೆ. ಅವರು ತಲೆಯಾಡಿಸುತ್ತಿದ್ದರು.

ನಿನ್ನೆ ಡಾಕ್ಟರ ಸಾವಿನ ಸುದ್ದಿ ಬಂತು. ಅನಂತರಾಮ ಅತ್ತುಬಿಟ್ಟ. "ಅತ್ತಿಗೆ, ನಾನು ಕದ್ದು ಉಬ್ಬಸದ ಮಾತ್ರೆ ನುಂಗುತ್ತಿದ್ದೆ. ಇಂಜೆಕ್ಷನ್ನಿನಲ್ಲಿದ್ದದ್ದೂ ಅದೇ ಔಷಧವಂತೆ. ನೀವು ಹೊರಗೆ ಹೋದ ಮೇಲೆ ಬಾಯಿಬಿಟ್ಟೆ. ಪೂರ್ತಿ ಕೊಟ್ಟಿದ್ದರೆ ನನ್ನ ಹೃದಯ ತಡೆಯುತ್ತಿತ್ತೋ ಇಲ್ಲವೋ."

ಅಂದರೆ ಕಷಾಯ ಏನೂ ಮಾಡಲಿಲ್ಲವೆ? ಸ್ವಲ್ಪವಾದರೂ ಮಾಡಿರಬೇಕು. ಗೊತ್ತಿಲ್ಲ. ಡಾಕ್ಟರು ನನ್ನ ಮಾನ ಕಾಪಾಡಿದರೋ, ಒಳಗೊಳಗೇ ನಕ್ಕರೋ — ಅದೂ ಗೊತ್ತಿಲ್ಲ. ಹಂಸಿನಿಯವರೇ, ಮನೆಯಲ್ಲಿ ಅವರು ನಗುತ್ತಿದ್ದರೇ?

— ನೀವೇ ನಗುತ್ತಿದ್ದೀರಿ. ಅಚ್ಛಾ. ಹಾಗಾದರೆ ನಕ್ಕಿದ್ದಾರೆ. ನಗಲಿ. ನನ್ನ ಮನೆಯ ಜೀವವನ್ನು ಉಳಿಸಿಕೊಟ್ಟವರು, ಅಷ್ಟು ಹಕ್ಕು ಅವರಿಗಿದೆ.

ಬರುವ ಭಾನುವಾರದಿಂದ ಚಿಕಿತ್ಸಾಲಯದಲ್ಲಿ ಅವರ ಜಾಗದಲ್ಲಿ ಡಾಕ್ಟರ್ ಅಪೂರ್ವ ಕೂರುತ್ತಾರೆ. ಯಾರು ಏನೇ ನುಂಗಿರಲಿ, ಆಕೆಗೆ ನಿಜ ಹೇಳಿ. ಮನೆಯ ಹಿರಿಯರಿಗೆ ಹೆದರಿ ಅಳತೆ ತಪ್ಪಿಸಬೇಡಿ. ನನಗೂ ಹೆದರಬೇಡಿ. ಇದು ನನ್ನ ಅಪ್ಪಣೆ.

ಈಗ ಎಲ್ಲರೂ ಎದ್ದು, ಮಾತಿಲ್ಲದೆ, ಅವರನ್ನು ನೆನೆಯೋಣ. ಉಸಿರು ಸಾಲದವರು ಕುಳಿತೇ ಇರಿ — ಯಾಕೆಂದು ನಾನು ಕೇಳುವುದಿಲ್ಲ.